ಫೈನಲ್ ಇಲ್ಲದ ನಾಲ್ಕು ವರ್ಷ

"ಅಮ್ಮನೇ ಹಾಕಿದ ಮಾರ್ಕು ಅರವತ್ತೊಂದಾದರೆ, ಬೇರೆಯವರು ಹಾಕಿದ್ದರೆ ಎಷ್ಟು ಬರ್ತಿತ್ತು ಮಗಾ?"

ಈ ಮಾತನ್ನು ಆಡಿದವನು ನಾನು. ನಗುತ್ತಲೇ ಆಡಿದೆ. ಕೋಣೆಯಲ್ಲಿ ಬೇರೆ ಇಬ್ಬರು ಪೋಷಕರು ಕುಳಿತಿದ್ದರು, ಅವರೂ ನಕ್ಕರು. ಎದುರಿಗೆ ಫೈಲು ಹಿಡಿದು ನಿಂತಿದ್ದ ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಇನ್ನೂ ಕಡಿಮೆ ಬರ್ತಿತ್ತು ಸರ್" ಎಂದಳು. ಒಳ್ಳೆಯ ಮಾತು ಆಡಿದೆ ಎಂದು ನನಗೆ ಖುಷಿಯಾಗಿತ್ತು. ಅಂಥ ಮೂರ್ಖ ನಾನು.

ಉಡುಪಿಯ ಬಸ್ ಸ್ಟ್ಯಾಂಡಿನ ಹತ್ತಿರ ಎರಡನೇ ಮಾಳಿಗೆಯಲ್ಲಿ ನನ್ನದೊಂದು ಸಣ್ಣ ಕೋಣೆ ಉಂಟು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿತ ಮಕ್ಕಳು ಹೊರದೇಶದ ಕಾಲೇಜಿಗೆ ಅರ್ಜಿ ಹಾಕುವಾಗ ನಾಲ್ಕು ವರ್ಷಗಳ ಅಂಕಪಟ್ಟಿ ಬೇಕಾಗುತ್ತದೆ. ಶಾಲೆಯೇ ಇಲ್ಲದ ಮೇಲೆ ಕೊಡುವವರು ಯಾರು? ಮನೆಯೇ ಶಾಲೆ, ತಾಯಿಯೋ ತಂದೆಯೋ ಮುಖ್ಯೋಪಾಧ್ಯಾಯರು, ಅವರದೇ ಸಹಿ. ಪಟ್ಟಿ ಕಟ್ಟಿ, ಜಿಪಿಎ ಲೆಕ್ಕ ಹಾಕಿ ಕೊಡುವುದು ನನ್ನ ಕೆಲಸ. ಯಾವ ವಿಷಯವನ್ನು ಎಷ್ಟು ಗಂಟೆ ಕಲಿತರು ಎಂದು ನೋಡಿ ನೂರಿಪ್ಪತ್ತು ಗಂಟೆಗೆ ಒಂದು ಕ್ರೆಡಿಟ್ ಹಿಡಿಯಬೇಕು. ಮಾರ್ಕು ತೊಂಬತ್ತು ದಾಟಿದರೆ ನಾಲ್ಕು ಪಾಯಿಂಟು, ಎಂಬತ್ತು ದಾಟಿದರೆ ಮೂರು, ಎಪ್ಪತ್ತಕ್ಕೆ ಎರಡು, ಅರವತ್ತಕ್ಕೆ ಒಂದು, ಅದರ ಕೆಳಗೆ ಸೊನ್ನೆ. ಪಾಯಿಂಟನ್ನು ಕ್ರೆಡಿಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟಿನಿಂದ ಭಾಗಿಸಿದರೆ ಬರುವ ಸರಾಸರಿಯೇ ಜಿಪಿಎ. ಐದನೇ ಕ್ಲಾಸಿನ ಮಕ್ಕಳೂ ಮಾಡಬಹುದಾದ ಲೆಕ್ಕ. ಜಗಳವೆಲ್ಲ ಮಾರ್ಕಿನದ್ದು.

ನನ್ನ ಹತ್ತಿರ ಬರುವವರು ಹೆಚ್ಚಾಗಿ ಮಣಿಪಾಲದ ಡಾಕ್ಟರುಗಳು, ಪ್ರೊಫೆಸರುಗಳು. ಅವರು ತರುವ ಪುಸ್ತಕದಲ್ಲಿ ಗಣಿತಕ್ಕೆ ತೊಂಬತ್ತೆಂಟು, ಯೋಗಕ್ಕೆ ತೊಂಬತ್ತೊಂಬತ್ತು, ಮಗ ಒಮ್ಮೆ ದೋಸೆ ಹೊಯ್ದದ್ದಕ್ಕೆ ನೂರು. "ಇದು ಅಂಕಪಟ್ಟಿಯಾ, ನಾಮಕರಣದ ಕಾಗದವಾ?" ಎಂದು ಬೈದು ಎಷ್ಟೋ ಜನರನ್ನು ವಾಪಸ್ಸು ಕಳುಹಿಸಿದ್ದೇನೆ. ಮೂವತ್ತು ವರ್ಷ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿದ್ದವನು, ಬಾಯಿ ಹರಿತ. ಹೆತ್ತವರು ಹಾಕುವ ಮಾರ್ಕು ಯಾವಾಗಲೂ ಊದಿಕೊಂಡಿರುತ್ತದೆ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆದ್ದರಿಂದ ಶಂಕರಪುರದಿಂದ ಬಂದ ಈ ಹುಡುಗಿಯ ಫೈಲಿನಲ್ಲಿ ಅರವತ್ತೊಂದು, ಎಪ್ಪತ್ತೆರಡು, ಐವತ್ತೆಂಟು ಎಂದು ಕಂಡಾಗ ನನಗೆ ಹೊಳೆದದ್ದು ಒಂದೇ. ಇವಳು ಪೂರ್ತಿ ದಡ್ಡಿ.

ಹುಡುಗಿಗೆ ಹದಿನೆಂಟು ತುಂಬಿತ್ತು. ಎಂಟನೆಯ ಕ್ಲಾಸಿನಲ್ಲಿ ಜ್ವರ ಬಂದು ಒಂದು ವರ್ಷ ಮಲಗಿದ್ದಳಂತೆ. ಮತ್ತೆ ಅದೇ ಕ್ಲಾಸಿನಲ್ಲಿ ಕೂರಿಸುತ್ತೇವೆಂದು ಶಾಲೆಯವರು ಹೇಳಿದ್ದಕ್ಕೆ ತಾಯಿ ಸಿಟ್ಟಾಗಿ, "ಬೇಡ, ನಾನೇ ಕಲಿಸ್ತೇನೆ" ಎಂದು ಬಿಡಿಸಿದರು. ತಾಯಿ ಕಾಪು ಕಡೆಯ ಒಂದು ಹೈಸ್ಕೂಲಿನಲ್ಲಿ ಹತ್ತನೆಯವರಿಗೆ ಗಣಿತ ಹೇಳುತ್ತಿದ್ದವರು. ಮಗಳಿಗಾಗಿ ಆ ಕೆಲಸವನ್ನೂ ಬಿಟ್ಟಿದ್ದರು. ಈಗ ಹುಡುಗಿ ಹೊರದೇಶದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಅರ್ಜಿ ಹಾಕುತ್ತಿದ್ದಳು. ಜಿಪಿಎ ಮೂರು ಅಥವಾ ಅದರ ಮೇಲೆ ಇದ್ದರೆ ಪೂರ್ತಿ ಫೀಸು ಮಾಫಿ, ಇಲ್ಲದಿದ್ದರೆ ಸೀಟೇ ಇಲ್ಲ. ಕಳುಹಿಸಲು ಇಪ್ಪತ್ತೈದು ದಿನ ಉಳಿದಿತ್ತು.

ಫೈಲು ಇಟ್ಟುಕೊಂಡು ಅವಳನ್ನು ಕಳುಹಿಸಿ ಲೆಕ್ಕಕ್ಕೆ ಕೂತೆ. ಮೊದಲ ಹೆಜ್ಜೆಯಲ್ಲೇ ಎಡವಿದೆ. ಗಂಟೆಗಳನ್ನು ಕೂಡಿಸಿದರೆ ಮೂವತ್ತಮೂರು ಕ್ರೆಡಿಟ್ ಬಂತು. ನಾಲ್ಕು ವರ್ಷಕ್ಕೆ ಇಪ್ಪತ್ತೆರಡೋ ಇಪ್ಪತ್ತನಾಲ್ಕೋ ಸಾಕು. ತಾಯಿಗೆ ಫೋನು ಮಾಡಿದೆ.

"ಟೀಚರೇ, ನಿಮ್ಮ ಮಗಳು ಊಟ ನಿದ್ದೆ ಮಾಡ್ತಾಳಾ ಇಲ್ವಾ? ಗಂಟೆ ಭಯಂಕರ ಜಾಸ್ತಿ ಉಂಟಲ್ಲ."

"ಅದು ಗಂಟೆ ಅಲ್ಲ ಸರ್, ಪಿರಿಯಡ್. ನಲವತ್ತು ನಿಮಿಷದ್ದು. ನಾನು ಬೆಲ್ ಹೊಡೆದೇ ಪಾಠ ಮಾಡಿದ್ದು."

"ಒಬ್ಬಳು ಹುಡುಗಿಗೆ ಬೆಲ್ಲಾ?"

"ಒಬ್ಬಳಾದರೆ ಎಂತ ಸರ್? ಶಿಸ್ತು ಶಿಸ್ತೇ ಅಲ್ವಾ?"

ಎಲ್ಲವನ್ನೂ ನಿಮಿಷಕ್ಕಿಳಿಸಿ ಮತ್ತೆ ಮಾಡಿದೆ. ಮೂವತ್ತಮೂರು ಹೋಗಿ ಇಪ್ಪತ್ತೆರಡು ಕ್ರೆಡಿಟ್ ಆಯಿತು. ಪಾಯಿಂಟೂ ಕ್ರೆಡಿಟೂ ಎರಡೂ ಮೂರರಲ್ಲಿ ಎರಡು ಪಾಲಾದ್ದರಿಂದ ಸರಾಸರಿ ಮಾತ್ರ ಕದಲಲಿಲ್ಲ. ಒಟ್ಟು ಪಾಯಿಂಟು ನಲವತ್ತೇಳು. ಇಪ್ಪತ್ತೆರಡರಿಂದ ಭಾಗಿಸಿದರೆ ಎರಡು ಪಾಯಿಂಟ್ ಒಂದು ನಾಲ್ಕು. ಅಚ್ಚು ಹಾಕಿಸಿ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಅವಳು, "ಒಮ್ಮೆ ಮತ್ತೆ ನೋಡಬಹುದಾ ಸರ್?" ಎಂದು ಕೇಳಿದಳು.

"ನೋಡುವಂಥದ್ದು ಎಂತ ಉಂಟು ಮಗಾ? ಲೆಕ್ಕ ಸುಳ್ಳು ಹೇಳುವುದಿಲ್ಲ. ಮೂರು ಕೇಳಿದವರ ಎದುರು ಎರಡು ಹಿಡ್ಕೊಂಡು ನಿಲ್ಲುವುದಕ್ಕಿಂತ ಇಲ್ಲೇ ಎಂತಾದರೂ ನೋಡು."

"ಆಯ್ತು ಸರ್" ಎಂದು ಇಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅರ್ಜಿಯ ಜೊತೆಗೆ ವರ್ಷಕ್ಕೊಂದರಂತೆ ನಾಲ್ಕು ಉತ್ತರಪತ್ರಿಕೆಗಳನ್ನು ಕಳುಹಿಸಬೇಕೆಂದು ನಮೂನೆಯ ಕೊನೆಯ ಪುಟದಲ್ಲಿತ್ತು. ಆಗುವುದಿಲ್ಲವೆಂದು ಗೊತ್ತಿದ್ದರೂ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಮಾರನೆಯ ದಿನ ಶಂಕರಪುರದ ಬಸ್ಸು ಹತ್ತಿದೆ.

ಮನೆಯ ಜಗಲಿಯಲ್ಲಿ ಹುಡುಗಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಆದರೆ ಬೆರಳು ನಿಲ್ಲಲಿಲ್ಲ. ಒಳಗೆ ಒಂದು ಕೋಣೆಯಲ್ಲಿ ಕರಿಹಲಗೆ, ಒಂದು ಬೆಂಚು, ಒಂದು ಡೆಸ್ಕು, ಕಿಟಕಿಯ ಸರಳಿಗೆ ಕಟ್ಟಿದ ಹಿತ್ತಾಳೆಯ ಗಂಟೆ. ಬೆಂಚಿನಲ್ಲಿ ಮೂವರು ಕೂರಬಹುದಿತ್ತು. ಮರ ಸವೆದದ್ದು ಒಂದು ತುದಿಯಲ್ಲಿ ಮಾತ್ರ. ತಾಯಿ ನಾಲ್ಕು ಕಟ್ಟು ಉತ್ತರಪತ್ರಿಕೆ ತಂದಿಟ್ಟರು. ವರ್ಷವಾರು, ವಿಷಯವಾರು, ದಾರ ಹಾಕಿ ಕಟ್ಟಿದ್ದು. ನನ್ನ ಕಾಲೇಜಿನಲ್ಲೂ ಇಷ್ಟು ಅಚ್ಚುಕಟ್ಟು ಇರಲಿಲ್ಲ.

ಗಣಿತದ್ದನ್ನು ಬಿಚ್ಚಿದೆ. ಮೇಲೆ ಕೆಂಪಿನಲ್ಲಿ ಅರವತ್ತೊಂದು. ಮೊದಲ ಲೆಕ್ಕ ಸರಿ, ಉತ್ತರವೂ ಸರಿ. ಐದಕ್ಕೆ ಮೂರು ಹಾಕಿದ್ದರು. ಎರಡನೆಯದೂ ಸರಿ, ಐದಕ್ಕೆ ಮೂರು. ಪಕ್ಕದಲ್ಲಿ ಕೆಂಪಿನಲ್ಲೇ "ಉತ್ತರಕ್ಕೆ ಗೆರೆ ಎಲ್ಲಿ?" ಎಂದಿತ್ತು. ಮೂರನೆಯದಕ್ಕೆ "ಮಾರ್ಜಿನ್ ದಾಟಿದೆ". ಆರನೆಯದಕ್ಕೆ "ನಿರ್ಲಕ್ಷ್ಯ". ಹೀಗೇ ಕೊನೆಯವರೆಗೆ. ಕೊನೆಯ ಪುಟದಲ್ಲಿ "ಹೀಗಾದರೆ ನೀನು ಎಲ್ಲಿಯೂ ಸಲ್ಲುವುದಿಲ್ಲ" ಎಂದು ಬರೆದು ಸಹಿ ಹಾಕಿದ್ದರು. ಇಡೀ ಪತ್ರಿಕೆಯಲ್ಲಿ ನನಗೆ ಸಿಕ್ಕಿದ ನಿಜವಾದ ತಪ್ಪುಗಳು ಎರಡು.

ಈ ಕೆಂಪು ಇಂಕನ್ನು ನಾನು ಬಲ್ಲೆ. ನಮ್ಮ ಕಡೆಯ ಹೈಸ್ಕೂಲಿನಲ್ಲಿ ಓದಿದವರೆಲ್ಲ ಬಲ್ಲರು. ಹತ್ತನೆಯ ಪಬ್ಲಿಕ್ ಪರೀಕ್ಷೆಗೆ ಮೊದಲು ಪ್ರಿಪರೇಟರಿ ಪರೀಕ್ಷೆ ಅಂತ ಒಂದು ಉಂಟು. ಅದನ್ನು ಬೇಕೆಂದೇ ಬಿಗಿಯಾಗಿ ತಿದ್ದುತ್ತಾರೆ. ಗೆರೆಗೆ ಒಂದು, ಅಕ್ಷರಕ್ಕೆ ಒಂದು ಎಂದು ಕತ್ತರಿಸಿ, ತೊಂಬತ್ತು ಬರುವವನಿಗೆ ಅರವತ್ತು ಕೊಟ್ಟು ಹೆದರಿಸುತ್ತಾರೆ. ಮಕ್ಕಳು ಅತ್ತು, ಮತ್ತೆ ಕೂತು ಓದಿ, ಫೈನಲಿನಲ್ಲಿ ತೊಂಬತ್ತೈದು ತೆಗೆಯುತ್ತಾರೆ. ಫೈನಲಿನಲ್ಲಿ ತಿದ್ದುವವರು ಬೇರೆಯವರು, ಅಲ್ಲಿ ನ್ಯಾಯವಾದ ಮಾರ್ಕು ಬೀಳುತ್ತದೆ ಎಂಬುದು ಎಲ್ಲ ಟೀಚರುಗಳಿಗೂ ಗೊತ್ತು.

"ಇದು ಪ್ರಿಪರೇಟರಿ ವ್ಯಾಲ್ಯುಯೇಷನ್ ಅಲ್ವಾ ಟೀಚರೇ?" ಎಂದೆ.

"ಹೌದು. ಮತ್ತೆಂತ? ಹೊಗಳಿದರೆ ಮಕ್ಕಳು ಅಲ್ಲೇ ಕೂತುಬಿಡ್ತಾರೆ ಸರ್. ಇಪ್ಪತ್ತು ವರ್ಷ ನಾನು ತಿದ್ದಿದ್ದು ಹೀಗೇ. ನನ್ನ ಕ್ಲಾಸಿನಲ್ಲಿ ಒಬ್ಬರೂ ಫೇಲ್ ಇಲ್ಲ, ಬೇಕಾದರೆ ಯಾರನ್ನೂ ಕೇಳಿ."

"ಸರಿ. ಇವಳಿಗೆ ಫೈನಲ್ ಯಾವಾಗ ಮಾಡಿದ್ದು?"

ಟೀಚರು ಕಟ್ಟಿನ ದಾರ ಹಿಡಿದುಕೊಂಡರು. ಜಗಲಿಯ ಕಡೆಗೊಮ್ಮೆ ನೋಡಿದರು. "ಮಾಡಲಿಲ್ಲ" ಎಂದರು.

"ನಾಲ್ಕು ವರ್ಷದಲ್ಲಿ ಒಮ್ಮೆಯೂ?"

"ಮನೆಯಲ್ಲೇ ಅಲ್ವಾ ಸರ್... ಮಾಡುವ ಅಂತ ಇದ್ದೆ. ಮತ್ತೆ ಹಾಗೇ ಆಯ್ತು."

ನನಗೆ ಬಂದ ಸಿಟ್ಟನ್ನು ಇವತ್ತಿಗೂ ಮರೆತಿಲ್ಲ. ಟೀಚರ ಮೇಲೆ ಬಂದದ್ದು ಅರ್ಧ, ನನ್ನ ಮೇಲೆ ಬಂದದ್ದು ಅರ್ಧ. ಕಾಗದ ಓದುವುದೇ ಕಸುಬಾದವನು ಒಂದೇ ಒಂದು ಉತ್ತರಪತ್ರಿಕೆ ಬಿಚ್ಚಿ ನೋಡದೆ ಮೇಲಿನ ನಂಬರು ನೋಡಿ ನಕ್ಕಿದ್ದೆ. ಅಲ್ಲೇ ತೀರ್ಮಾನ ಮಾಡಿದೆ. ಮಾರ್ಕು ಏರಿಸುವುದಲ್ಲ, ಎಲ್ಲ ಪತ್ರಿಕೆಗಳನ್ನೂ ಹೊಸದಾಗಿ ತಿದ್ದಿಸುವುದು. ಪಟ್ಟಿಯ ಕೆಳಗೆ ಹಾಗೆಂದು ಬಚ್ಚಿಡದೆ ಬರೆಯುವುದು.

"ಹಾಕಿದ ಮಾರ್ಕು ಹಾಕಿದ್ದು ಸರ್" ಎಂದು ಟೀಚರು ಬಿಗಿಯಾದರು. "ಅದನ್ನು ತಿದ್ದಿದರೆ ನಾನು ನಾಲ್ಕು ವರ್ಷ ಸುಳ್ಳು ಹಾಕಿದ ಹಾಗೆ ಆಗ್ತದೆ."

"ಆಗ್ತದೆ ಅಂತ ಅಲ್ಲ ಟೀಚರೇ, ಆಗಿದೆ" ಎಂದೆ. ಬಾಯಿ ಹರಿತ ಎಂದು ಮೊದಲೇ ಹೇಳಿದ್ದೇನಲ್ಲ.  ಕಟ್ಟುಗಳನ್ನು ಎತ್ತಿಕೊಂಡು ಬರುವಾಗ ಅವರು ತಡೆಯಲಿಲ್ಲ.

ಕೆಲಸಕ್ಕೆ ಹನ್ನೆರಡು ದಿನ ಹಿಡಿಯಿತು. ಮೊದಲು ಪ್ರತಿ ಪುಟದ ಕೆಂಪು ಮಾರ್ಕುಗಳ ಮೇಲೆ ಬಿಳಿ ಚೀಟಿ ಅಂಟಿಸಿದೆ, ತಿದ್ದುವವರ ಕಣ್ಣಿಗೆ ಬೀಳಬಾರದು. ಹೆಸರಿನ ಜಾಗಕ್ಕೂ ಚೀಟಿ. ಪ್ರತಿ ಪ್ರಶ್ನೆಪತ್ರಿಕೆಗೆ ಪಬ್ಲಿಕ್ ಪರೀಕ್ಷೆಯ ರೀತಿಯಲ್ಲಿ ಯಾವ ಹಂತಕ್ಕೆ ಎಷ್ಟು ಎಂದು ಮಾದರಿ ಉತ್ತರ ಬರೆದೆ. ಗಣಿತ, ಭೌತಶಾಸ್ತ್ರ ನಾನೇ ಎರಡು ಸಲ ತಿದ್ದಿದೆ, ನಡುವೆ ಮೂರು ದಿನ ಬಿಟ್ಟು. ಭಾಷೆಯ ಪತ್ರಿಕೆಗಳನ್ನು ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಜೀವಶಾಸ್ತ್ರದ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋದೆ. ಅಲ್ಲಿ ಒಬ್ಬ ನಿವೃತ್ತ ಉಪನ್ಯಾಸಕರಿದ್ದಾರೆ. ಮಾರ್ಕಿನ ವಿಷಯದಲ್ಲಿ ನನಗಿಂತ ಜಿಪುಣ.

ಆ ಕಟ್ಟಿನಲ್ಲಿ ಒಂದು ನೋಟ್‌ಬುಕ್ಕೂ ಇತ್ತು. ಹುಡುಗಿ ಎರಡು ವರ್ಷ ತನ್ನ ಮನೆಯ ಹನ್ನೊಂದು ಮಲ್ಲಿಗೆ ಗಿಡಗಳ ಮೊಗ್ಗನ್ನು ಪ್ರತಿದಿನ ಎಣಿಸಿ, ಗಾಳಿ, ಮಳೆ, ಎಲೆಯ ಚುಕ್ಕೆರೋಗ ಎಲ್ಲವನ್ನೂ ಬರೆದಿಟ್ಟದ್ದು. ಟೀಚರು ಐವತ್ತೆಂಟು ಹಾಕಿದ್ದರು, ಅಂದರೆ ಸೊನ್ನೆ ಪಾಯಿಂಟು. ಮೂರು ದಿನ ಬಿಟ್ಟು ಉಪನ್ಯಾಸಕರು ಫೋನು ಮಾಡಿದರು.

"ಇದನ್ನು ಬರೆದದ್ದು ಯಾರು ಮಾರಾಯ್ರೆ? ನನ್ನ ಡಿಗ್ರಿ ಮಕ್ಕಳು ಒಬ್ಬರೂ ಹೀಗೆ ಬರೆಯಲಿಲ್ಲ."

"ಎಷ್ಟು ಹಾಕಿದ್ರಿ?"

"ತೊಂಬತ್ತಾರು. ನಾಲ್ಕು ಯಾಕೆ ಕಳೆದೆ ಅಂತ ಕೇಳಬೇಡಿ, ಅಭ್ಯಾಸ."

ಹೊಸ ಮಾರ್ಕುಗಳನ್ನು ಪಟ್ಟಿಗೆ ಹಾಕಿದೆ. ಅದೇ ಇಪ್ಪತ್ತೆರಡು ಕ್ರೆಡಿಟ್, ಅದೇ ಸ್ಕೇಲು. ಪಾಯಿಂಟು ನಲವತ್ತೇಳಿದ್ದದ್ದು ಎಪ್ಪತ್ತೊಂಬತ್ತಾಯಿತು. ಜಿಪಿಎ ಮೂರು ಪಾಯಿಂಟ್ ಐದು ಒಂಬತ್ತು. ಮೂರು ಸಲ ಕೂಡಿಸಿ ನೋಡಿದೆ. ಕೋಣೆಯಲ್ಲಿ ಒಬ್ಬನೇ ಇದ್ದೆ, "ಭೇಷ್" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟೆ.

ಟೀಚರನ್ನು ಒಪ್ಪಿಸುವುದೇ ಕಷ್ಟ ಎಂದುಕೊಂಡು ಕಟ್ಟುಗಳ ಸಮೇತ ಮತ್ತೆ ಶಂಕರಪುರಕ್ಕೆ ಹೋದೆ. ಅವರು ನನ್ನ ಪಟ್ಟಿಯನ್ನು ಮುಟ್ಟಲಿಲ್ಲ. ಅರವತ್ತೊಂದರ ಗಣಿತದ ಪತ್ರಿಕೆಯನ್ನು ಎಳೆದುಕೊಂಡು, ನನ್ನ ಮಾದರಿ ಉತ್ತರ ಪಕ್ಕದಲ್ಲಿಟ್ಟು, ಪೆನ್ಸಿಲ್ ತೆಗೆದುಕೊಂಡು ಆ ಬೆಂಚಿನಲ್ಲಿ ಕೂತು ತಾವೇ ತಿದ್ದಿದರು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಬದಿಯಲ್ಲಿ ಕೂಡಿಸಿದರು. ತೊಂಬತ್ತೆರಡು. ನಾನು ಹಾಕಿದ್ದೂ ತೊಂಬತ್ತೆರಡೇ.

"ಇವಳು ಬೇರೆಯವರ ಮಗಳಾಗಿ ಫೈನಲ್ ಬರೆದಿದ್ದರೆ ನಾನು ಇಷ್ಟೇ ಕೊಡ್ತಿದ್ದೆ" ಎಂದರು. ಪೆನ್ನು ಕೇಳಿ, ಮುಖ್ಯೋಪಾಧ್ಯಾಯಿನಿ ಎಂದಿದ್ದಲ್ಲಿ ಸಹಿ ಹಾಕಿದರು.  

ಇನ್ನು ಬಾಕಿ ಇದ್ದದ್ದು ಹುಡುಗಿಯ ಸಹಿ. "ಇದರಲ್ಲಿರುವುದೆಲ್ಲ ನನಗೆ ತಿಳಿದಂತೆ ಸತ್ಯ" ಎಂಬ ಸಾಲಿನ ಕೆಳಗೆ ಅವಳು ಸಹಿ ಹಾಕಿ, ತನ್ನ ಫೋನಿನಿಂದ ಕಳುಹಿಸಬೇಕು. ಎರಡು ನಿಮಿಷದ ಕೆಲಸ. ಕರೆದೆವು. ಕೈ ತೊಳೆದು ಒರೆಸಿಕೊಂಡು ಬಂದಳು. ಮೊದಲ ಸಲ ಬಂದಾಗ ಟೀಚರ ಸಹಿ ಹಾಕಿಸಿ ಬಿಟ್ಟುಹೋಗಿದ್ದ ನನ್ನ ಹಳೆಯ ಹಾಳೆ ಅವಳ ಹತ್ತಿರ ಇತ್ತು, ಅದನ್ನೂ ತಂದು ಹೊಸದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು.

"ಇದು ಪಾಪ ಅಂತ ಮಾಡಿದ್ದು ಸರ್" ಎಂದಳು.

"ಪಾಪ ಗೀಪ ಎಂತದ್ದೂ ಇಲ್ಲ. ಪಾಪ ಅಂತ ಮಾರ್ಕು ಹಾಕುವವನ ಹಾಗೆ ಕಾಣ್ತೇನಾ ನಾನು?"

"ಮೊದಲು ಕಾಣ್ತಿರಲಿಲ್ಲ."

ಕಾರ್ಕಳದ ಉಪನ್ಯಾಸಕರ ಬಗ್ಗೆ ಹೇಳಿದೆ. ಬಿಳಿ ಚೀಟಿ ತೋರಿಸಿದೆ. ಯಾರ ಪತ್ರಿಕೆ ಎಂದೂ ಅವರಿಗೆ ಗೊತ್ತಿರಲಿಲ್ಲ ಎಂದೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

"ಅಮ್ಮನೇ ಹಾಕಿ ಅರವತ್ತೊಂದಾದರೆ ಬೇರೆಯವರು ಹಾಕಿದರೆ ಎಷ್ಟು ಬರ್ತಿತ್ತು ಅಂತ ನೀವೇ ಕೇಳಿದ್ದಲ್ವಾ ಸರ್? ಎಲ್ಲರೂ ನಕ್ಕರು. ಲೆಕ್ಕ ಸುಳ್ಳು ಹೇಳುವುದಿಲ್ಲ ಅಂತಲೂ ಹೇಳಿದ್ರಿ. ಈಗ ಅದೇ ಪೇಪರಿಗೆ ತೊಂಬತ್ತೆರಡು ಹೇಗೆ?"

ಟೀಚರು ನನ್ನ ಕಡೆ ತಿರುಗಿದರು. ಅವರಿಗೆ ಆ ವಿಷಯ ಗೊತ್ತಿರಲಿಲ್ಲ.  ನಾನು ಅಂದದ್ದು ತಪ್ಪು, ನೋಡದೆ ಅಂದದ್ದು ಎಂದೆ. ಎಷ್ಟು ತಗ್ಗಿದ ದನಿಯಲ್ಲಿ ಎಂದರೆ ನನಗೇ ಸರಿಯಾಗಿ ಕೇಳಲಿಲ್ಲ. ಟೀಚರು ಮಗಳ ಕೈ ಹಿಡಿದರು.

"ತಪ್ಪು ನನ್ನದು ಮಗಾ. ನೀನು ಬುದ್ಧಿವಂತೆ ಅಂತ ನನಗೆ ಗೊತ್ತುಂಟು. ನಿನ್ನನ್ನು ಹೆದರಿಸ್ಲಿಕ್ಕೆ ಅಂತ ಹಾಗೆ ಹಾಕಿದ್ದು."

ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ. "ನಾನು ಹೆದರಲಿಲ್ಲ ಅಮ್ಮ. ನಂಬಿದೆ" ಎಂದಳು. "ಈಗ ಅವರು ಹೇಳಿದರು ಅಂತ ನೀವೂ ಹೇಳ್ತಿದ್ದೀರಿ. ನೀವು ಸುಳ್ಳು ಹಾಕುವವರಲ್ಲ. ಒಂದು ಮಾರ್ಜಿನ್ ದಾಟಿದರೂ ನೀವು ಬಿಟ್ಟವರಲ್ಲ."

"ಅದಲ್ಲ ಮಗಾ..."

"ಸುಳ್ಳಿಗೆ ಸೈನ್ ಹಾಕ್ಲಿಕ್ಕೆ ನೀವು ನನಗೆ ಕಲಿಸಲಿಲ್ಲ."

ಹಳೆಯ ಹಾಳೆಯನ್ನು ಎಳೆದುಕೊಂಡು, ಎರಡು ಪಾಯಿಂಟ್ ಒಂದು ನಾಲ್ಕರ ಕೆಳಗೆ ಸಹಿ ಹಾಕಿದಳು. ಸಹಿಯ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಳು. ನಾನು, "ಬೇಡ ಮಗಾ, ಒಂದು ವಾರ ಯೋಚನೆ ಮಾಡು, ಇನ್ನೂ ಸಮಯ ಉಂಟು" ಎಂದು ಬೇಡಿಕೊಂಡೆ. ಜೀವಮಾನದಲ್ಲಿ ಯಾವ ವಿದ್ಯಾರ್ಥಿಯ ಎದುರೂ ನಾನು ಹಾಗೆ ಬೇಡಿದವನಲ್ಲ. ಟೀಚರು ಬೈದರು, ಆಮೇಲೆ ತುಳುವಿನಲ್ಲಿ ಅಂಗಲಾಚಿದರು. ಅವಳು ನಮ್ಮಿಬ್ಬರನ್ನೂ ಮರುಕದಿಂದ ನೋಡಿ, ಹಾಳೆಯ ಫೋಟೋ ತೆಗೆದು, ನಮ್ಮೆದುರಿಗೇ ಕಳುಹಿಸಿ, ಮಲ್ಲಿಗೆಯ ಬುಟ್ಟಿಯ ಹತ್ತಿರ ಹೋಗಿ ಕೂತಳು. ಹೂವು ಕೊಂಡೊಯ್ಯುವವರು ಬರುವ ಹೊತ್ತಾಗಿತ್ತು.

ತಿಂಗಳ ನಂತರ ಕಾಲೇಜಿನ ಉತ್ತರ ಬಂತು. ಎರಡೇ ಸಾಲು, ಸೀಟು ಇಲ್ಲವೆಂದು. ಅದಕ್ಕೆ ಮೊದಲೇ ನಾನು ಯಾರಿಗೂ ಹೇಳದೆ, ಹುಡುಗಿಯ ಸಹಿ ಇಲ್ಲದ ಹೊಸ ಪಟ್ಟಿಯನ್ನಾದರೂ ಕಳುಹಿಸಲೇ ಎಂದು ಅವರಿಗೆ ಪತ್ರ ಬರೆದಿದ್ದೆ. ಅಭ್ಯರ್ಥಿಯೇ ದೃಢೀಕರಿಸಿದ ಪಟ್ಟಿ ತಮ್ಮ ಹತ್ತಿರ ಉಂಟು ಎಂದು ಅವರು ತಿಳಿಸಿದರು. ನ್ಯಾಯವೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಆಮೇಲೆ ಒಂದು ದಿನ ಟೀಚರು ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದರು. ಸೊರಗಿದ್ದರು. "ಸರ್, ಒಂದು ಫೈನಲ್ ಮಾಡಿಸಿ ಕೊಡ್ತೀರಾ? ನಾನು ಪ್ರಶ್ನೆ ತೆಗೆಯುವುದಿಲ್ಲ, ತಿದ್ದುವುದೂ ಇಲ್ಲ. ಅವಳು ನನಗೋಸ್ಕರ ಬರೀತೇನೆ ಅಂದಿದ್ದಾಳೆ" ಎಂದರು.

ಮಾಡಿಸಿದೆ. ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ, ಗಣಿತ, ಮೂರು ಗಂಟೆ, ನೂರು ಅಂಕ. ಪಬ್ಲಿಕ್ ಪರೀಕ್ಷೆಗಿಂತ ಒಂದು ತೂಕ ಗಟ್ಟಿಯಾದ ಪ್ರಶ್ನೆಪತ್ರಿಕೆಯನ್ನೇ ತೆಗೆದೆ. ಟೀಚರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗಿ ಮೊದಲು ಎಲ್ಲ ಪುಟಗಳಿಗೂ ಮಾರ್ಜಿನ್ ಎಳೆದುಕೊಂಡು, ಆಮೇಲೆ ತಲೆ ಎತ್ತದೆ ಬರೆದಳು. ಪ್ರತಿ ಉತ್ತರಕ್ಕೂ ಗೆರೆ. ಬೇಕೆಂದೇ ಅವಳನ್ನು ಎದುರಿಗೆ ಕೂರಿಸಿಕೊಂಡು ತಿದ್ದಿದೆ. ಮಾದರಿ ಉತ್ತರವನ್ನು ಅವಳ ಕಡೆಗೇ ತಿರುಗಿಸಿ ಇಟ್ಟಿದ್ದೆ. ಪ್ರತಿ ಹಂತಕ್ಕೂ ಬೆರಳಿಟ್ಟು, ಇಲ್ಲಿಗೆ ಒಂದು, ಇಲ್ಲಿಗೆ ಎರಡು, ಇಲ್ಲಿ ಚಿಹ್ನೆ ತಪ್ಪಿದೆ, ಒಂದು ಹೋಯ್ತು ಎಂದು ಬಾಯಿಬಿಟ್ಟು ಹೇಳುತ್ತಾ ಹೋದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಒಂದು ಮಾರ್ಕಿಗೂ ತಕರಾರು ಮಾಡಲಿಲ್ಲ.

ಕೂಡಿಸಿದೆ. ತೊಂಬತ್ತನಾಲ್ಕು. ಮೇಲೆ ಬರೆದು, ಸುತ್ತ ಗೆರೆ ಹಾಕಿ, ಪತ್ರಿಕೆಯನ್ನು ಅವಳ ಮುಂದೆ ಸರಿಸಿದೆ.

ಅವಳು ಪುಟ ತಿರುವಿ ತಿರುವಿ ತಾನೂ ಒಮ್ಮೆ ಕೂಡಿಸಿದಳು. ತೊಂಬತ್ತನಾಲ್ಕೇ ಬಂತು. ಪತ್ರಿಕೆಯನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟು, ಬಾಗಿಲ ಕಡೆಗೊಮ್ಮೆ ನೋಡಿ, ಮೆಟ್ಟಿಲ ಮೇಲಿದ್ದ ತಾಯಿಗೆ ಕೇಳಿಸಬಾರದೆಂದು ಸಣ್ಣ ದನಿಯಲ್ಲಿ ಕೇಳಿದಳು:

"ಇದರಲ್ಲಿ ಪಾಪ ಅಂತ ಎಷ್ಟು ಸೇರಿಸಿದ್ದು ಸರ್?"